ಕೋಲ್ಡ್ ರೂಮಿನ ಶ್ಯಾಮಲಕ್ಕ

ಏಪ್ರಿಲ್ ಬಿಸಿಲಿಗೆ ಕಾಸರಗೋಡೆಲ್ಲ ಬೆವರುತ್ತಿದ್ದರೆ ನಮ್ಮ ಶ್ಯಾಮಲಕ್ಕ ಮಂಗನ ಟೊಪ್ಪಿ ಹಾಕಿ, ಸ್ವೆಟರಿನ ಗುಂಡಿ ಬಿಗಿಯುತ್ತಿದ್ದರು. ಪ್ರಯೋಗಾಲಯದ ಕೋಲ್ಡ್ ರೂಮಿಗೆ ಹೋಗುವ ವೇಷ ಅದು. ಪೈವಳಿಕೆ ಕಡೆಯ ಶಾಲೆಯೊಂದರ ಟೀಚರ್. ರಜೆ ಹಾಕಿ ಪಿಎಚ್‌ಡಿಗೆ ಬಂದವರು. ಜುಲೈ ಕೊನೆಗೆ ರಜೆ ಮುಗಿಯುತ್ತಿತ್ತು.

ಮೊಟ್ಟೆಯನ್ನೂ ಮುಟ್ಟದ ಹವ್ಯಕರ ಮನೆಯ ಈಕೆಯ ಪಾಲಿಗೆ ಬಂದದ್ದು ಬಂಗುಡೆ ಮೀನಿನ ಲಿವರ್! ಅದರಿಂದ ಕ್ಯಾಥೆಪ್ಸಿನ್ ಡಿ ಎಂಬ ಕಿಣ್ವವನ್ನು ಬೇರ್ಪಡಿಸಿ, ಯಾವ ಔಷಧ ಹಾಕಿದರೆ ಅದರ ಕೆಲಸ ನಿಲ್ಲುತ್ತದೆ ಎಂದು ನೋಡಬೇಕಿತ್ತು. ಸಂಜೆ ಹಿತ್ತಲಿನ ಬಚ್ಚಲಲ್ಲಿ ಸ್ನಾನವಾಗದೆ ಮನೆಯೊಳಗೆ ಪ್ರವೇಶವಿಲ್ಲ. "ಅತ್ತೆಗೆ ಕಿಣ್ವ ಅಂದ್ರೆ ಗೊತ್ತಿಲ್ಲ, ಬಂಗುಡೆ ಅಂದ್ರೆ ಗೊತ್ತುಂಟು" ಎಂದು ನಗುತ್ತಿದ್ದರು.

ಹೊಸಬಳಾದ ನನಗೆ ಪಾಠ ಹೇಳಿದವರೂ ಅವರೇ. "ಜೀವಕೋಶದಲ್ಲಿ ಲೈಸೋಸೋಮ್ ಅಂತ ಸಣ್ಣ ಚೀಲ ಉಂಟಲ್ಲ, ಇದು ಅದರೊಳಗೆ ಕೂತು ಹಳೆ ಪ್ರೋಟೀನ್ ಕತ್ತರಿಸ್ತದೆ. ಹೊರಗೆ ತೆಗೆದು ಬೆಚ್ಚಗೆ ಬಿಟ್ಟರೆ ತನ್ನನ್ನೇ ಕತ್ತರಿಸಿಕೊಳ್ತದೆ ಮಾರಾಯ್ತಿ."

ಎಲ್ಲ ಮುಗಿಯಿತು ಎನ್ನುವಾಗ ಗೈಡ್, "ತಾಜಾ ಮೀನಿನಲ್ಲಿ ಇನ್ನೊಮ್ಮೆ ಮಾಡಿ, ಆಮೇಲೆ ಥೀಸಿಸ್" ಅಂದರು. ಅಷ್ಟರಲ್ಲಿ ಜೂನ್ ಬಂತು. ಮಳೆಗಾಲದ ಟ್ರಾಲಿಂಗ್ ನಿಷೇಧ, ಜುಲೈ ಮುಗಿಯುವವರೆಗೆ ಬೋಟುಗಳೆಲ್ಲ ದಡದಲ್ಲಿ. ಉಪ್ಪಳದ ಅಬ್ಬಾಸ್‌ನ ಮೀನಂಗಡಿಯಲ್ಲಿದ್ದದ್ದು ಎಲ್ಲಿಂದಲೋ ಐಸಿನಲ್ಲಿ ಬಂದದ್ದು. ಬೇರೆ ದಾರಿಯಿಲ್ಲದೆ ಒಮ್ಮೆ ಅದನ್ನೇ ತಂದು ಮಾಡಿದರು. ಚೀಲಗಳು ಮೊದಲೇ ಒಡೆದು ಕಿಣ್ವ ಸೋರಿಹೋಗಿತ್ತು.

"ರಜೆ ಮುಂದುವರಿಸ್ಲಿಕ್ಕೆ ಆಫೀಸಿನವರು ಒಪ್ಪುವುದಿಲ್ಲ. ಮನೆಯವರು ಇನ್ನು ಸಾಕು ಅಂತಾರೆ. ನಾನು ಎಂತ ಮಾಡ್ಲಿ ಹೇಳು?" ಎಂದು ಕೋಲ್ಡ್ ರೂಮಿನ ಬಾಗಿಲಿಗೆ ಒರಗಿ ಅತ್ತರು. ಅಂದು ಗೈಡ್ ಮೇಲೆ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ. ಆದರೆ ನಾನೂ ಅವರ ಕೈಕೆಳಗೆ ಇದ್ದವಳೇ, ಬಾಯಿ ಬಿಡುವ ಹಾಗಿರಲಿಲ್ಲ.

ರಜೆ ಮುಗಿದು ಶ್ಯಾಮಲಕ್ಕ ಶಾಲೆಗೆ ಹೋದರು. ಅದೇ ವಾರ ಬೋಟುಗಳು ಕಡಲಿಗಿಳಿದವು. "ಟೀಚರಿಗೆ ಹೇಳಿ, ಈಗ ಬಂದ ಬಂಗುಡೆ ಉಂಟು" ಎಂದು ಅಬ್ಬಾಸ್ ಲ್ಯಾಬಿಗೆ ಫೋನ್ ಮಾಡಿದ. ನಾನೇ ಓಡಿಹೋಗಿ ತಂದೆ, ಅವರು ಕಲಿಸಿದ ಹಾಗೆಯೇ ಎಲ್ಲ ಮಾಡಿದೆ. ಫಲಿತಾಂಶ ನೋಡಿ ಖುಷಿ ತಡೆಯಲಾಗದೆ ಅವರಿಗೆ ಫೋನ್ ಮಾಡಿದೆ.

"ಔಷಧ ಹಾಕಿದಾಗ ಕತ್ತರಿಸುವುದು ಪೂರ್ತಿ ನಿಂತಿತಾ?"

"ಪೂರ್ತಿ ನಿಂತಿತು ಅಕ್ಕಾ. ನಿಮ್ಮ ಥೀಸಿಸ್ ಆಯ್ತು, ಬರೆಯಿರಿ."

ಫೋನಿನಲ್ಲಿ ಅವರ ಹಿಂದೆ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು.

"ನಾನು ಮಾಡದ್ದನ್ನು ನಾನು ಮಾಡಿದ್ದು ಅಂತ ಬರೆಯುವುದು ಹೇಗೆ? ಅದು ನಿನ್ನದು. ನಿನ್ನ ಥೀಸಿಸಿಗೆ ಹಾಕು," ಎಂದರು. "ಬೆಲ್ ಆಯ್ತು ಮಾರಾಯ್ತಿ, ಇಡ್ತೇನೆ."