ಎರ್ಸೀಲಿಯೊ ಮುಚ್ಚಿದ ಗೋಡೆ

ನಮ್ಮ ಮೊಂತೆಚೆರ್ರೊ ಊರು ಗುಡ್ಡದ ನೆತ್ತಿಯ ಮೇಲೆ ನಿಂತಿರುವುದು ಸಂತರ ಕೃಪೆಯಿಂದ ಎನ್ನುತ್ತಾರೆ. ಸುಳ್ಳು. ಅದು ನಿಂತಿರುವುದು ಕೋಟೆಗೋಡೆಯ ಬಲದಿಂದ. ಎಂಟುನೂರು ವರ್ಷಗಳಲ್ಲಿ ಆ ಗೋಡೆಯನ್ನು ಗೆದ್ದವರ ಹೆಸರುಗಳೆಲ್ಲ ಊರ ಚೌಕದ ಕಲ್ಲಿನಲ್ಲಿವೆ. ಕಟ್ಟಿದ ಒಬ್ಬನ ಹೆಸರೂ ಇಲ್ಲ. ನಲವತ್ತಾರು ವರ್ಷ ಅದನ್ನು ರಿಪೇರಿ ಮಾಡಿದ ಎರ್ಸೀಲಿಯೊ ಮೇಸ್ತ್ರಿಯ ಹೆಸರನ್ನೂ ಯಾರೂ ಕೊರೆಯುವುದಿಲ್ಲ.

ಅವನ ಅಪ್ಪ ಅವನಿಗೆ ಕಲಿಸಿದ್ದು ಒಂದೇ ಪಾಠ: ಮೊಳಕ್ಕೊಂದು ಸಂದು ಬಿಡು. ಗುಡ್ಡ ಕುಡಿದ ಮಳೆನೀರು ಅಲ್ಲಿಂದ ಹೊರಗೆ ಬರಬೇಕು. ಇಲ್ಲದಿದ್ದರೆ ಗೋಡೆಗೆ ಹೊಟ್ಟೆ ಬರುತ್ತದೆ, ಒಂದು ದಿನ ಒಡೆಯುತ್ತದೆ.

ಹೋದ ವರ್ಷ ಪುರಸಭೆಗೆ 'ಅಂದದ ಊರು' ಬಹುಮಾನದ ಹುಚ್ಚು ಹಿಡಿಯಿತು. ಸಂದುಗಳಲ್ಲಿ ಕಳೆ, ಹಲ್ಲಿ, ಫೋಟೋದಲ್ಲಿ ಅಸಹ್ಯ. ಸಿಮೆಂಟು ಮೆತ್ತು ಎಂದರು. ಎರ್ಸೀಲಿಯೊ ಎರಡು ಸಲ ಆಗದು ಎಂದ. ಮೂರನೆಯ ಸಲ, ಮೊಣಕಾಲು ನೋವು, ಮುಗಿಯದ ವಾದ, ಎರಡಕ್ಕೂ ಸೋತು ಮೆತ್ತಿದ. ಬಹುಮಾನ ಬಂತು. ಭಾಷಣಗಳಾದವು.

ಈ ನವೆಂಬರಿನಲ್ಲಿ ಹನ್ನೊಂದು ದಿನ ಬಿಡದೆ ಮಳೆ. ಗೋಡೆಯ ಬುಡಕ್ಕೇ ಒರಗಿಕೊಂಡು ನುನ್ಸಿಯಾತಾಳ ಬ್ರೆಡ್ಡಿನ ಒಲೆಮನೆಯಿದೆ. ಬೆಳಿಗ್ಗೆಯೇ ಅವಳು ಬಂದು ಮೇಸ್ತ್ರಿಯ ಬಾಗಿಲು ಬಡಿದಳು.

"ಏಯ್, ನಿನ್ ಗೋಡೆ ಬಸುರಿ ಆಗಿದೆ, ಬಂದು ನೋಡು."

"ಎಷ್ಟು ತಿಂಗಳು?"

"ತಮಾಷೆ ಬೇಡ ಕಣಯ್ಯ. ನನ್ ಒಲೆ ಮೇಲೇ ಹೆರೋ ಹಾಗಿದೆ."

ಗೋಡೆ ಒಂದು ಗೇಣು ಮುಂದೆ ಬಂದಿತ್ತು. ಎರ್ಸೀಲಿಯೊ ಅಂಗೈ ಇಟ್ಟು ನೋಡಿದ, ಉಳಿ ಸುತ್ತಿಗೆ ತಂದ. ಅಷ್ಟರಲ್ಲಿ ಛತ್ರಿ ಹಿಡಿದು ಪುರಸಭೆಯ ಎಂಜಿನಿಯರ್ ಬಂದರು.

"ಮೇಸ್ತ್ರಿ, ನಿಲ್ಸಿ! ಇದು ಸಂರಕ್ಷಿತ ಸ್ಮಾರಕ. ಅನುಮತಿ ಬೇಕು."

"ಮುಚ್ಚೋವಾಗ ಬೇಕಿರ್ಲಿಲ್ಲ, ತೆಗೆಯೋಕೆ ಬೇಕಾ?"

"ಅರ್ಜಿ ಕೊಡಿ. ಮೂರೇ ವಾರ."

"ಅಲ್ಲೀವರ್ಗೂ ನೀವೇ ಬೆನ್ನು ಕೊಟ್ಟು ನಿಂತಿರ್ತೀರೇನಪ್ಪ?" ಎಂದಳು ನುನ್ಸಿಯಾತಾ. ಎಂಜಿನಿಯರ್ ಫೋನು ಕಿವಿಗಿಟ್ಟುಕೊಂಡು ದೂರ ಸರಿದರು.

ಎರ್ಸೀಲಿಯೊ ಸಿಮೆಂಟು ಒಡೆದ ಮೊದಲ ಸಂದಿನಿಂದ ಏನೂ ಬರಲಿಲ್ಲ. ಎರಡನೆಯದರಿಂದ ಕೆಸರುನೀರು ಅವನ ಮುಖಕ್ಕೇ ಹಾರಿತು. ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು ತೆರೆದ, ಉಳಿ ಕೈಜಾರತೊಡಗಿತು. ನುನ್ಸಿಯಾತಾ ಒಲೆ ಆರಿಸಿ ಬಂದು ಉಳಿ ಹಿಡಿದು ನಿಂತಳು.

"ನನ್ ಬೆರಳಿಗೆ ಹೊಡೆದ್ಯೋ, ಜನ್ಮದಲ್ಲಿ ನಿಂಗೆ ಬ್ರೆಡ್ ಇಲ್ಲ."

ಕತ್ತಲಾಗುವ ಮುಂಚೆ ಉಬ್ಬಿದ ಕಡೆಯ ಎಲ್ಲ ಸಂದುಗಳೂ ಬಾಯಿಬಿಟ್ಟವು. ಗೋಡೆಯ ಹೊಟ್ಟೆ ಹಾಗೇ ಉಳಿಯಿತು. ಗೋಡೆಯೂ ಉಳಿಯಿತು, ಒಲೆಮನೆಯೂ.

ವಾರದ ಮೇಲೆ ನೋಟಿಸು ಬಂತು: ಸ್ಮಾರಕ ಹಾಳು ಮಾಡಿದ ಆರೋಪ. ಬಹುಮಾನದ ಫಲಕದ ಕೆಳಗೆ ಕುಳಿತು ಅದನ್ನು ಟೈಪು ಮಾಡಿದವರಿಗೆ ನಾಚಿಕೆಯಾಗಲಿಲ್ಲ. ಎರ್ಸೀಲಿಯೊ ಓದಿದ.

"ಹಾಳು ಮಾಡಿದ್ದು ನಾನೇ, ನಿಜ. ತಾರೀಕು ಮಾತ್ರ ತಪ್ಪು ಹಾಕಿದಾರೆ. ಅದು ಹೋದ ವರ್ಷ."

ತಾರೀಕು ತಿದ್ದಿ, ಸಹಿ ಹಾಕಿ, ಹೋಗಿ ಮಲಗಿದ.