ನಡೆದು ಹೊರಟ ಜ್ವಾಳ

ನನ್ನ ದೇಹ ಯಾವತ್ತೂ ಕಾಲಮಾನ ನೋಡಿಕೊಂಡು ನಡೆದದ್ದಲ್ಲ. ಯುದ್ಧ ಮುಗಿದರೂ ರೇಷನ್ ಮುಗಿಯದ ದಿನಗಳವು. ಬಳ್ಳಾರಿಗೆ ಬಳ್ಳಾರಿಯೇ ಸೊರಗಿದ್ದಾಗ ನಾನು ಮಾತ್ರ ದುಂಡಗಿದ್ದೆ. ಅದನ್ನಾದರೂ ಜನ ಕ್ಷಮಿಸುತ್ತಿದ್ದರೇನೋ. ಆದರೆ ನಾನಿದ್ದದ್ದು ರೇಷನ್ ಆಫೀಸಿನ ಗುಮಾಸ್ತನಾಗಿ.

ದೇವರಾಣೆಗೂ ಒಂದು ಕಾಳನ್ನೂ ಅಡ್ಡದಾರಿಯಲ್ಲಿ ಮನೆಗೆ ತಂದವನಲ್ಲ. ನಾನು ಹುಟ್ಟಿದ್ದು ಸಿರುಗುಪ್ಪದಲ್ಲಿ, ಹೊಳೆ ದಂಡೆಯ ಭತ್ತದ ಸೀಮೆಯಲ್ಲಿ. ಅಲ್ಲಿ ಮೈ ತುಂಬಿಕೊಂಡ ಮಗುವೆಂದರೆ ಮನೆತನಕ್ಕೆ ಗೌರವ, ಆ ಗೌರವವನ್ನು ನಾನು ಮೂವತ್ತೆಂಟನೆಯ ವಯಸ್ಸಿನವರೆಗೂ ಕಾಪಾಡಿಕೊಂಡು ಬಂದಿದ್ದೆ, ಅಷ್ಟೇ. ಬಳ್ಳಾರಿಯ ನಮ್ಮ ಮನೆಗೂ ಎಲ್ಲರಷ್ಟೇ ಜೋಳ ಬರುತ್ತಿತ್ತು. “ಕಾಳು ಕಡಿಮಿ ಆಗಿ ಎರಡು ವರ್ಸಾತು, ನಿಮ್ಮ ಹೊಟ್ಟಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ ನೋಡ್ರಿ” ಎನ್ನುತ್ತಿದ್ದಳು ನನ್ನ ಹೆಂಡತಿ.

ಕೆಲಸ ಟೆಂಪರರಿ. ಖಾಯಂ ಆಗಬೇಕಾದರೆ ಆರೋಗ್ಯದ ಸರ್ಟಿಫಿಕೇಟು ಬೇಕಿತ್ತು. ಡಾಕ್ಟರು ನನ್ನಿಂದ ಆಸ್ಪತ್ರೆಯ ಮೆಟ್ಟಿಲನ್ನು ಎರಡು ಸಲ ಹತ್ತಿಸಿದರು, ನಾನು ಗೋಡೆ ಹಿಡಿದು ಏದುಸಿರು ಬಿಡುವುದನ್ನು ನೋಡಿದರು, ತೆರೆದಿದ್ದ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟರು. “ಮೂರು ತಿಂಗಳು ದಿನಾ ಕೋಟೆ ಗುಡ್ಡ ಒಂದು ಸುತ್ತು ಹಾಕ್ರಿ. ಆಗ್ಲೂ ಹಿಂಗೇ ಇದ್ರ ನಾ ಸಹಿ ಮಾಡಂಗಿಲ್ಲ.” ಸಹಿ ಇಲ್ಲದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಡನೆ ಸಿರುಗುಪ್ಪಕ್ಕೆ ಹೋಗಿ ಅಣ್ಣನ ಅಂಗಳದಲ್ಲಿ ನಿಲ್ಲಬೇಕು.

ನಡೆಯುವುದೇನು ಕಷ್ಟವಲ್ಲ, ಸುಮ್ಮನೆ ನಡೆಯುವುದು ಕಷ್ಟ. ನಮ್ಮ ಕಡೆ ದಾರಿಯಲ್ಲಿ ಎದುರಾದವರು ನಮಸ್ಕಾರದ ಬದಲು “ಎಲ್ಲಿಗಿ ಹೊಂಟೀರಿ?” ಎನ್ನುತ್ತಾರೆ. ಸಂತೆಗೆ, ಕೋರ್ಟಿಗೆ, ಯಾರದೋ ಮಣ್ಣಿಗೆ, ಹೀಗೆ ಏನಾದರೊಂದು ಹೇಳಬೇಕು. ಎಲ್ಲಿಗೂ ಇಲ್ಲ, ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತೇನೆ ಎಂದರೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಈ ವಿಷಯದಲ್ಲಿ ನಮ್ಮ ಹಿರಿಯರು ಜಾಣರು. ಸುತ್ತುವ ಜಾಗದ ನಡುವೆ ಒಬ್ಬ ದೇವರನ್ನು ಕೂರಿಸಿ ಪ್ರದಕ್ಷಿಣೆ ಎಂದು ಹೆಸರಿಟ್ಟರು. ಅಲ್ಲಿ ಸುತ್ತುವವನನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ನನ್ನ ಪಾಲಿಗೆ ನಡುವೆ ಇದ್ದದ್ದು ಬರೀ ಬೋಳು ಬಂಡೆ.

ಅದಕ್ಕೇ ಮೊದಲ ದಿನ ಕೈಯಲ್ಲೊಂದು ಖಾಲಿ ಚೀಲ ಹಿಡಿದು ಹೊರಟೆ. ಚೀಲ ಹಿಡಿದವನು ಪೇಟೆಗೆ ಹೊರಟವನು, ಕೇಳುವಂಥದ್ದೇನಿಲ್ಲ. ಇಷ್ಟು ದಡ್ಡ ಉಪಾಯ ನನಗೆ ಜೀವಮಾನದಲ್ಲಿ ಇನ್ನೊಮ್ಮೆ ಹೊಳೆದಿಲ್ಲ. ನನ್ನ ದಾರಿ ಇದ್ದದ್ದು ಬ್ರೂಸ್‌ಪೇಟೆಯ ರೇಷನ್ ಅಂಗಡಿಯ ಮುಂದೆ. ಬೆಳಕು ಹರಿಯುವ ಮೊದಲೇ ಅಲ್ಲಿ ಸಾಲು. ಸಾಲೆಂದರೆ ಮನುಷ್ಯರದಲ್ಲ, ಕಲ್ಲುಗಳದು. ಒಬ್ಬೊಬ್ಬರೂ ತಮ್ಮ ಗುರುತಿನ ಕಲ್ಲೊಂದನ್ನು ಸಾಲಿನಲ್ಲಿಟ್ಟರೆ ಜಾಗ ಅವರದು. ಅಂಗಡಿ ತೆರೆಯುವವರೆಗೆ ಎದುರಿನ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಆಡಿಕೊಳ್ಳಲು ಬೇಕಾದಷ್ಟು ಪುರಸೊತ್ತು. ಅವರ ಮುಂದೆ ಆ ಮಬ್ಬುಬೆಳಕಿನಲ್ಲಿ ಹೊಟ್ಟೆ ಹೊತ್ತ ರೇಷನ್ ಗುಮಾಸ್ತ, ಕೈಯಲ್ಲಿ ಚೀಲ!

“ನೋಡ್ರಲೇ, ನಮ್ಮ ಜ್ವಾಳ ನಡ್ಕಂತ ಹೊಂಟೈತಿ!” ಎಂದಳು ಈರಮ್ಮನೆಂಬ ಮುದುಕಿ. “ಚೀಲ ಬ್ಯಾರೆ ತಂದಾನ. ಹೊಟ್ಟ್ಯಾಗ ಜಾಗ ಸಾಲವಲ್ದು ಅಂತ ಕಾಣ್ತೈತಿ.”

ಕಟ್ಟೆಯಿಡೀ ನಕ್ಕಿತು. ಮರುದಿನ ಚೀಲವನ್ನು ಒಳಹೊರಗು ತಿರುವಿ ಹಿಡಿದೆ, ಖಾಲಿ ಎಂದು ಕಾಣಲಿ ಅಂತ. “ಆಗ್ಲೇ ಎಲ್ಲೋ ಸುರುವಿ ಬಂದಾನ” ಎಂದಳು.

ಅವತ್ತು ಮನೆಗೆ ಬಂದು ಚಪ್ಪಲಿಯನ್ನು ಮೂಲೆಗೆಸೆದೆ. ದಪ್ಪ ಎಂದರೆ ನನಗೆ ನೋವಿಲ್ಲ, ನಮ್ಮ ಮನೆಯಲ್ಲೂ ಕನ್ನಡಿ ಇದೆ. ಕಳ್ಳ ಎಂದದ್ದು ಮಾತ್ರ ಒಳಗೆ ಸುಟ್ಟಿತು. ಆದರೆ ನಡಿಗೆ ಬಿಟ್ಟರೆ ಕಳ್ಳ ಅಡಗಿಕೊಂಡ ಎನ್ನುತ್ತಾರಲ್ಲ? ಡಾಕ್ಟರ ಪೆನ್ನಿನ ಮುಚ್ಚಳವೂ ಕಣ್ಣಿಗೆ ಕಟ್ಟಿತು. ಮೂರನೆಯ ದಿನ ಬರಿಗೈಯಲ್ಲಿ ಹೊರಟೆ.

ಆಮೇಲೆ ಆ ಮಾತುಗಳನ್ನೇ ಮೈಲಿಗಲ್ಲು ಮಾಡಿಕೊಂಡೆ. ಈರಮ್ಮ ಬೈದರೆ ಕಾಲು ಮೈಲಿ. ಜಟಕಾ ಸ್ಟ್ಯಾಂಡಿನವನು “ಗಾಡಿ ಹತ್ತಬ್ಯಾಡ್ರಿ ಸಾಮಿ, ನನ್ನ ಕುದುರಿಗೂ ಮಕ್ಳು ಮರಿ ಅದಾವ” ಎಂದರೆ ಅರ್ಧ ಮೈಲಿ, ಅವನ ಮುಂದೆ ಹೊಟ್ಟೆಯನ್ನು ಒಳಗೆಳೆದುಕೊಂಡೇ ದಾಟುತ್ತಿದ್ದೆ. ಒಂದು ದಿನ ಅವನು ಬೇರೆ ಕಡೆ ನೋಡುತ್ತಿದ್ದ. ನಾನೇ ಕೆಮ್ಮಿ ನನ್ನ ಅರ್ಧ ಮೈಲಿಯನ್ನು ವಸೂಲು ಮಾಡಿಕೊಂಡೆ.

ಎರಡೂವರೆ ತಿಂಗಳಾಗಿರಬೇಕು, ಆಫೀಸಿನಿಂದ ನನ್ನನ್ನು ಕುರುಗೋಡಿಗೆ ಕಳಿಸಿದರು. ಹೊಸದಾಗಿ ಕಾರ್ಡು ಪಡೆದವರ ಪಟ್ಟಿಯನ್ನು ಅಲ್ಲಿನ ಅಂಗಡಿಗೆ ಮುಟ್ಟಿಸಬೇಕಿತ್ತು. ಪಟ್ಟಿ ಬಾರದೆ ಅವರಿಗೆ ಕಾಳು ಅಳೆಯುವಂತಿಲ್ಲ. ಹನ್ನೆರಡಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮುಂದಿನ ವಾರ. ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ಇನ್ನೂ ನಾಲ್ಕು ಮೈಲಿ ಇರುವಾಗಲೇ ಗೊರಗೊರ ಎಂದು ನಿಂತಿತು. ಆಗ ಗಂಟೆ ಹತ್ತೂವರೆ. ಇಳಿದು ನೋಡಿದರೆ ಹಿಂದಿನ ಬಾಗಿಲಿನಿಂದ ಈರಮ್ಮ ಇಳಿಯುತ್ತಿದ್ದಾಳೆ! ಅವಳ ಮಗಳ ಮನೆ ಕುರುಗೋಡಿನಲ್ಲಿ. ಕೇಳಿ ನೋಡಿದರೆ ಮಗಳ ಹೆಸರೂ ನನ್ನ ಪಟ್ಟಿಯಲ್ಲಿತ್ತು. ಎರಡು ವಾರದಿಂದ ನೆರೆಯವರು ಕೊಟ್ಟ ಹಿಟ್ಟಿನಲ್ಲಿ ಮಕ್ಕಳಿಗೆ ರೊಟ್ಟಿ ತಟ್ಟುತ್ತಿದ್ದಳಂತೆ.

“ಹನ್ನೆರಡರೊಳಗ ನಡದು ಮುಟ್ಟಾಕ ನಿಮ್ಮ ಕೈಲಿ ಆಗ್ತೈತೇನ್ರಿ ಸಾಮಿ?” ಎಂದಳು ಈರಮ್ಮ. ಆ ದನಿಯಲ್ಲಿ ಕುಚೋದ್ಯವಿರಲಿಲ್ಲ, ಬರೀ ದಿಗಿಲಿತ್ತು.

ಪಂಚೆ ಎತ್ತಿ ಕಟ್ಟಿದೆ. ಗುಡ್ಡದ ಸುತ್ತು ಎರಡು ಮೈಲಿಯಾದರೆ ಇದು ಎರಡು ಸುತ್ತು, ಅಷ್ಟೇ ತಾನೆ? ಬಿಸಿಲಿಗೆ ಕರಿನೆಲ ಬಿರಿದಿತ್ತು. ಒಂದು ಚಪ್ಪಲಿಯ ಉಂಗುಟ ಕಿತ್ತಿತು, ಎರಡನ್ನೂ ಬಿಟ್ಟು ನಡೆದೆ. ತೊಡೆ ಉಜ್ಜಿ ಉರಿಯುತ್ತಿತ್ತು, ಆದರೆ ಉಸಿರು ಹದವಾಗಿ ಬರುತ್ತಿತ್ತು. ಅರ್ಧ ದಾರಿಯಲ್ಲಿ ಹಿಂದಿನಿಂದ ಈರಮ್ಮನ ಕೂಗು: “ಯಪ್ಪಾ, ಸ್ವಲ್ಪ ನಿಧಾನಕ ನಡಿಯಪ್ಪಾ!”

ನನಗೆ! ಹುಟ್ಟಿದಾಗಿನಿಂದ ನನ್ನನ್ನು ಯಾರೂ ನಿಧಾನಕ್ಕೆ ನಡಿ ಎಂದವರಿರಲಿಲ್ಲ. ಆ ಬಿಸಿಲಿನಲ್ಲೂ ಎದೆ ತಂಪಾಯಿತು. ನಿಧಾನ ಮಾಡಲಿಲ್ಲ. ಅಂಗಡಿಯವನು ಬಾಗಿಲ ಹಲಗೆಗಳನ್ನು ಒಂದೊಂದಾಗಿ ಕೂರಿಸುತ್ತಿದ್ದಾಗ ಕೊನೆಯ ಹಲಗೆಗೆ ಅಡ್ಡ ನಿಂತು ಪಟ್ಟಿ ಕೊಟ್ಟೆ. ಹಲಗೆಗಳೆಲ್ಲ ಮತ್ತೆ ಹೊರಗೆ ಬಂದವು. ಈರಮ್ಮ ಬಂದು ಮುಟ್ಟುವ ಹೊತ್ತಿಗೆ ಅವಳ ಮಗಳ ಸೆರಗಿನಲ್ಲಿ ಜೋಳ ಬಿದ್ದಿತ್ತು. ಮುದುಕಿ ನನ್ನ ಬೊಬ್ಬೆ ಎದ್ದ ಪಾದಗಳನ್ನೇ ನೋಡಿದಳು. ಒಂದು ತಂಬಿಗೆ ನೀರು ತಂದುಕೊಟ್ಟಳು.

ಮೂರು ತಿಂಗಳು ತುಂಬಿದ ದಿನ ಮೆಟ್ಟಿಲು ಹತ್ತಿಳಿದು ಡಾಕ್ಟರ ಎದುರು ಕೂತೆ. “ಹೊಟ್ಟಿ ಅಲ್ಲೇ ಐತಿ, ದಮ್ಮು ಹತ್ತೋದು ಮಾತ್ರ ನಿಂತೈತಿ” ಎಂದು ನಗುತ್ತ ಸಹಿ ಮಾಡಿದರು. ಇನ್ನು ನಡೆಯುವ ಅಗತ್ಯವೇನೂ ಇರಲಿಲ್ಲ. ಆದರೂ ಮರುದಿನ ಬೆಳಗಿಗೆ ಕಾಲುಗಳು ತಾವೇ ಬ್ರೂಸ್‌ಪೇಟೆಗೆ ಹೊರಟವು.

ಕಟ್ಟೆಯ ಬಳಿ ಬಂದಾಗ ಈರಮ್ಮ ತನ್ನ ಕಲ್ಲನ್ನು ಸಾಲಿನಲ್ಲಿಟ್ಟು ಎದ್ದಳು. “ಅದು ನಿಂದ್ರತೈತಿ, ನಾ ಬರ್ತೀನಿ. ಮಣಕಾಲು ಹಿಡ್ಕಂಡಾವ” ಎಂದಳು. ಅವಳ ಹಿಂದೆ ಇನ್ನೂ ನಾಲ್ಕೈದು ಮಂದಿ ಎದ್ದರು. ಕಲ್ಲುಗಳು ಅಲ್ಲಿ ಸಾಲಾಗಿ ನಿಂತವು, ಜನ ಇಲ್ಲಿ ಸಾಲಾಗಿ ನಡೆದರು.

“ಇಷ್ಟು ಮಂದಿ ಎಲ್ಲಿಗಿ ಹೊಂಟೀರಿ?” ಎಂದ ಜಟಕಾದವನು. ನಾನು ಬಾಯಿ ತೆರೆಯುವ ಮೊದಲೇ ಈರಮ್ಮ ಅಂದಳು: “ಎಲ್ಲಿಗೂ ಇಲ್ಲಲೇ! ಕುದುರಿ ಸರಿಸು, ನಮ್ಮ ಜ್ವಾಳ ನಡ್ಯಾಕ ಹೊಂಟೈತಿ.”

ಅವತ್ತು ಅವನ ಮುಂದೆ ನಾನು ಹೊಟ್ಟೆಯನ್ನು ಒಳಗೆಳೆದುಕೊಳ್ಳಲಿಲ್ಲ.