ಮೊದಲ ಗಂಟಿಗೆ ಮರಳಿಸಿದ ಮಾಮಿ

ನಮ್ಮ ಹಳೆಯ ಕೀಬೋರ್ಡಿನ ಎಂಟರ್ ಗುಂಡಿ ಇಂದಿಗೂ ತುಸು ಹಳದಿ. ಅದು ವೆಸ್ಟ್ ಮಾಂಬಲಂನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಮಾಮಿಯ ಅರಿಶಿನದ ಬೆರಳಿನ ಗುರುತು.

ಮಾಮಿ ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡತಿ. ಕಂಪ್ಯೂಟರ್ ಕಚೇರಿಯೊಂದರಿಂದ ನಿವೃತ್ತರಾದವರು. ಹಬ್ಬಕ್ಕೆ ಒಂಬತ್ತು ಗಜದ ಸೀರೆ ಉಡುವುದನ್ನು ನನಗೆ ಕಲಿಸಿದವರೂ ಅವರೇ. ನೆರಿಗೆ ತಪ್ಪಿದಾಗ ನಾನು ಅಲ್ಲಿ ಇಲ್ಲಿ ಜಗ್ಗುತ್ತಿದ್ದೆ. "ಕಾನ್ವೆಂಟಿನಲ್ಲಿ ಟೈ ಕಟ್ಟೋದು ಮಾತ್ರ ಹೇಳಿಕೊಟ್ಟರೇನಮ್ಮಾ?" ಎಂದು ನಕ್ಕು, ಇಡೀ ಸೀರೆ ಬಿಚ್ಚಿ, "ಮೊದಲ ಗಂಟಿಗೆ ಬಾ" ಎನ್ನುತ್ತಿದ್ದರು.

ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಮಕ್ಕಳು ಚಿತ್ರ ಬರೆಯುವ ಉಚಿತ ತಂತ್ರಾಂಶವೊಂದಕ್ಕೆ ನಾನು ಕನ್ನಡ ಪದಗಳನ್ನು ಹಾಕುತ್ತಿದ್ದೆ. ಏನು ಕೇಳಿದರೂ ತಮಿಳಿನಲ್ಲೇ ಉತ್ತರಿಸುವ ಮಗಳು ಅದನ್ನು ಕನ್ನಡದಲ್ಲಿ ನೋಡಲೆಂಬ ಆಸೆ. ಹೊಸ ಆವೃತ್ತಿ ಹೊರಡುವ ದಿನವೇ ವರಮಹಾಲಕ್ಷ್ಮಿ ಹಬ್ಬ. ಅದನ್ನು ರೂಪಿಸುವ ತಂಡದವರ ಬದಲಾವಣೆಗಳನ್ನು ನನ್ನ ಪ್ರತಿಗೆ ಎಳೆದುಕೊಂಡೆ. ಎರಡೂ ಸೇರಿ ಸಿಕ್ಕಾದವು. ಒಂದೊಂದು ಸಾಲು ತಿದ್ದಿದಷ್ಟೂ ಕೆಟ್ಟು, ತಂತ್ರಾಂಶ ತೆರೆಯಲೇ ಇಲ್ಲ. ಸಂಜೆಯೊಳಗೆ ಕಳಿಸದಿದ್ದರೆ ಈ ಸಲ ಕನ್ನಡವಿಲ್ಲ.

ಅರಿಶಿನ-ಕುಂಕುಮ ಕೊಡಲು ಬಂದ ಮಾಮಿ ಪರದೆ ನೋಡಿದರು. "ಅಯ್ಯೋ, ಇಲ್ಲೂ ಜಗ್ಗಿದೀಯಾ! ನೀನು ಬರೆದ ಪದಗಳನ್ನ ಮೊದಲು ಬೇರೆ ಕಡೆ ಎತ್ತಿಡು."

ಎತ್ತಿಟ್ಟೆ. ತಂಡದ ಪ್ರತಿ ದೂರದ ಸರ್ವರಿನಲ್ಲಿತ್ತು. ಅದರ ಹೊಸ ರೂಪವನ್ನು ಮಾಮಿ ನನ್ನಿಂದ ತರಿಸಿದರು. "ಈಗ ರಿಸೆಟ್, ಹಾರ್ಡ್ ಅಂತ ಟೈಪ್ ಮಾಡು."

"ಎಲ್ಲಾ ಹೋಗ್ಬಿಡತ್ತೆ ಮಾಮಿ!"

"ಹೋಗೋದು ನಿನ್ನ ಸಿಕ್ಕು. ಅಲ್ಲಿರೋದು ಭದ್ರವಾಗಿದೆ, ಅದೇ ಇಲ್ಲಿ ಬಂದು ಕೂರತ್ತೆ. ಕವಲೆ ಬೇಡಮ್ಮಾ, ಚಿಂತೆ ಬಿಡು, ಒತ್ತು."

ನನ್ನ ಬೆರಳು ಗುಂಡಿಯ ಮೇಲೇ ನಿಂತಿತು. ಮಾಮಿ ಪಕ್ಕದಲ್ಲೇ ತಮ್ಮ ಅರಿಶಿನದ ಬೆರಳನ್ನೂ ಇಟ್ಟರು. ಇಬ್ಬರೂ ಒತ್ತಿದೆವು.

ಒಂದೇ ಸಾಲು ಮೂಡಿತು, ಅಷ್ಟೆ. ತಂತ್ರಾಂಶ ತೆರೆಯಿತು! ಎತ್ತಿಟ್ಟ ಪದಗಳನ್ನು ಆ ಸ್ವಚ್ಛ ಪ್ರತಿಯಲ್ಲಿ ಕೂರಿಸಿ ಕಳಿಸಿದೆ. ದೀಪ ಹಚ್ಚುವ ಹೊತ್ತಿಗೆ ತಂಡದಿಂದ ಉತ್ತರ ಬಂತು: ಕನ್ನಡವೂ ಸೇರಿತು.

ಮಗಳು ಅಕ್ಷರ ಕೂಡಿಸಿ ಓದಿದಳು. "ಬ...ಣ್ಣ ತುಂಬು. ಅಮ್ಮಾ, ಇದು ನೀನೇ ಬರೆದದ್ದಾ?" ಕನ್ನಡದಲ್ಲೇ ಕೇಳಿದಳು! "ಕೇಳಿಸಿತೇನೇ?" ಎಂದು ಮಾಮಿ ನನ್ನ ಬೆನ್ನಿಗೊಂದು ಗುದ್ದಿದರು. ರವಿಕೆಗೂ ಅರಿಶಿನ ಹತ್ತಿತು.

ಮಾಮಿ ಈಗಿಲ್ಲ. ಹಬ್ಬಕ್ಕೆ ಒಂಬತ್ತು ಗಜ ನಾನೇ ಉಡುತ್ತೇನೆ. ನೆರಿಗೆ ತಪ್ಪಿದರೆ ಜಗ್ಗುವುದಿಲ್ಲ. ಎಲ್ಲ ಬಿಚ್ಚಿ ಮೊದಲ ಗಂಟಿಗೆ ಬರುತ್ತೇನೆ, ಹೆದರದೆ.